ಗುಂಡ ಸತ್ತ ಶನಿವಾರ

ವಿಮಾ ಕಚೇರಿಯೊಂದರಲ್ಲಿ 29 ವರ್ಷ ದುಡಿದವಳು ನಾನು. ಅದರಲ್ಲಿ 18 ವರ್ಷ ಕಳೆದದ್ದು ಮರಣ ಕ್ಲೇಮುಗಳ ಮೇಜಿನಲ್ಲಿ. ಸಾವಿನ ಪ್ರಮಾಣಪತ್ರ, ಮೂಲ ಪಾಲಿಸಿ, ನಾಮಿನಿಯ ಗುರುತು, ಆಸ್ಪತ್ರೆಯ ಕಾಗದ – ಎಲ್ಲವನ್ನೂ ಟ್ಯಾಗು ಹಾಕಿ ಜೋಡಿಸಿ, ಅಂಚಿನಲ್ಲಿ ಕೆಂಪು ಪೆನ್ಸಿಲಿನ ಗುರುತು ಮಾಡಿ ಮೇಲಿನವರಿಗೆ ಕಳಿಸುವುದು ನನ್ನ ಕೆಲಸ. ಸಹೋದ್ಯೋಗಿಗಳು ನನ್ನನ್ನು ‘ಚಿತ್ರಗುಪ್ತನ ತಂಗಿ’ ಎನ್ನುತ್ತಿದ್ದರು. ನನಗೇನೂ ಬೇಸರವಾಗುತ್ತಿರಲಿಲ್ಲ. ಸಾವು ದೊಡ್ಡದು, ನಿಜ. ಆದರೆ ಅದು ಯಾವ ದಿನ, ಯಾವ ಹೊತ್ತಿಗೆ, ಯಾವ ಕಾರಣಕ್ಕೆ ಆಯಿತು ಎಂಬುದನ್ನು ಯಾರಾದರೊಬ್ಬರು ಸರಿಯಾಗಿ ಬರೆದಿಡಲೇಬೇಕಲ್ಲ. ತಾರೀಖು ತಪ್ಪಿದ ಅರ್ಜಿಯನ್ನು ನಾನು ಯಾವ ಮುಲಾಜೂ ಇಲ್ಲದೆ ವಾಪಸು ಕಳಿಸುತ್ತಿದ್ದೆ.

2023ರ ನವೆಂಬರಿನಲ್ಲಿ ಅಮೆರಿಕದ ಸೇಂಟ್ ಪಾಲ್ ನಗರದಲ್ಲಿರುವ ಮಗನ ಮನೆಗೆ ಹೋದೆ. ಹನ್ನೆರಡು ವರ್ಷದ ಮೊಮ್ಮಗನ ಮೇಜಿನ ಮೇಲೆ ಮುನ್ನೂರು ಪುಟ ದಾಟಿದ ದಪ್ಪ ಪುಸ್ತಕವೊಂದಿತ್ತು. ಪಾಠದ ಪುಸ್ತಕವಿರಬೇಕೆಂದು ತೆರೆದರೆ, ಮನುಷ್ಯ ಹೇಗೆ ಸಾಯಬೇಕು, ಎಷ್ಟು ಹೊತ್ತಿನಲ್ಲಿ ಸಾಯಬೇಕು, ಸತ್ತವನು ಮರಳಿ ಬರಬೇಕಾದರೆ ಖರ್ಚೆಷ್ಟು ಎಂದೆಲ್ಲ ಅಚ್ಚುಕಟ್ಟಾಗಿ ನಿಯಮ ಬರೆದಿಟ್ಟಿದ್ದಾರೆ! ನಿವೃತ್ತಿಯಾಗಿ ಎಂಟು ವರ್ಷವಾದ ಮೇಲೆ ನನ್ನ ಮೇಜು ನನಗೆ ಮತ್ತೆ ಸಿಕ್ಕಂತಾಯಿತು. ಕನ್ನಡಕ ಹಾಕಿಕೊಂಡು ಕೂತೆ.

ಆ ಪುಸ್ತಕ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟದ್ದು. ಹೆಸರು ಕೇಳಿ ಕಂಪ್ಯೂಟರಿನ ಆಟ ಅಂದುಕೊಳ್ಳಬೇಡಿ. ಇದಕ್ಕೆ ಬೇಕಾದದ್ದು ಒಂದು ಮೇಜು, ನಾಲ್ಕೈದು ಜನ, ಪೆನ್ಸಿಲು, ಕಾಗದ ಮತ್ತು ದಾಳಗಳು. ನಮ್ಮ ಪಗಡೆಯ ಉದ್ದದ ದಾಳವಲ್ಲ; ನಾಲ್ಕು ಮುಖದಿಂದ ಹಿಡಿದು ಇಪ್ಪತ್ತು ಮುಖದವರೆಗೆ ಹರಳಿನಂಥ ಬಣ್ಣಬಣ್ಣದ ದಾಳಗಳು. ಆಡುವವರು ಒಬ್ಬೊಬ್ಬರೂ ಒಂದೊಂದು ಪಾತ್ರ ಕಟ್ಟಿಕೊಳ್ಳುತ್ತಾರೆ. ಒಬ್ಬ ಯೋಧ, ಇನ್ನೊಬ್ಬ ಮಂತ್ರವಾದಿ, ಮತ್ತೊಬ್ಬ ವೈದ್ಯ. ಅವರಲ್ಲದೆ ಇನ್ನೊಬ್ಬರಿರುತ್ತಾರೆ, ಅವರು ಕಥೆ ನಡೆಸುವವರು. ಯಕ್ಷಗಾನದ ಭಾಗವತರ ಹಾಗೆ. ಪ್ರಸಂಗ ಅವರಿಗೆ ಗೊತ್ತು, ರಾಕ್ಷಸರೆಲ್ಲ ಅವರ ಕೈಯಲ್ಲಿ. ಆದರೆ ಪಾತ್ರಧಾರಿ ಏನು ಮಾಡುತ್ತಾನೆ ಎನ್ನುವುದು ಪಾತ್ರಧಾರಿಗೇ ಬಿಟ್ಟದ್ದು, ಅದು ಫಲಿಸಿತೋ ಇಲ್ಲವೋ ಎನ್ನುವುದು ದಾಳಕ್ಕೆ ಬಿಟ್ಟದ್ದು. ವಾರವಾರ ಸೇರುತ್ತಾರೆ, ಕಥೆ ವರ್ಷಗಟ್ಟಲೆ ನಡೆಯುತ್ತದೆ.

ಮೊಮ್ಮಗನ ಪಾತ್ರ ಕುಳ್ಳ ಜಾತಿಯ ಯೋಧ, ಕೈಯಲ್ಲಿ ಕೊಡಲಿ, ಎದೆಯವರೆಗೆ ಗಡ್ಡ. ಹೆಸರು ಗುಂಡ! ನಾನು ಯಾವಾಗಲೋ ಫೋನಿನಲ್ಲಿ ಹೇಳಿದ್ದ ಕಥೆಯಿಂದ ಎತ್ತಿಕೊಂಡದ್ದಂತೆ. ಅಮೆರಿಕದ ಮಕ್ಕಳ ಬಾಯಲ್ಲಿ ಅದು ‘ಗೂಂಡಾ’ ಆಗುತ್ತಿತ್ತು. ತಿದ್ದಲು ಹೋಗಿ ಸೋತೆ.

ಶನಿವಾರ ಮಧ್ಯಾಹ್ನ ನಮ್ಮ ನೆಲಮಾಳಿಗೆಯಲ್ಲೇ ಆಟ. ಭಾಗವತರು ಪಕ್ಕದ ಬೀದಿಯವರು, ಅರವತ್ತು ದಾಟಿದ ಗಡ್ಡದ ಮನುಷ್ಯ, ಆಡುವ ಹುಡುಗಿಯೊಬ್ಬಳ ತಾತ. ಹಿಮ ತುಳಿದು ಬಂದು ಬೂಟು ಬಿಚ್ಚಿಟ್ಟು, ನಾನು ಕೊಟ್ಟ ಕಾಫಿ ಕುಡಿದು ಮೆಟ್ಟಿಲಿಳಿಯುತ್ತಿದ್ದರು. ಮೊದಲ ವಾರ ನಾನು ಕುರಿತು ಬಾಣಲೆಯ ಹಾಗೆ ಕೂತದ್ದನ್ನು ನೋಡಿ, “ನಿಮಗೆ ಇದು ಬೇಸರ ತರಿಸಬಹುದು” ಅಂದರು. ನಾನು ಹದಿನೆಂಟು ವರ್ಷ ಏನು ಮಾಡುತ್ತಿದ್ದೆನೆಂದು ಹೇಳಿದೆ. ಅವರ ಮುಖ ಅರಳಿತು. ಮುಂದಿನ ವಾರ ಒಂದು ಪೆಟ್ಟಿಗೆ ತುಂಬ ಹಳೆಯ ಪುಸ್ತಕ ತಂದರು.

ಆಗ ತಿಳಿದದ್ದು, ನಾನು ಕೂತಿದ್ದ ಊರೇ ಈ ಆಟದ ತವರಿನಲ್ಲಿ ಅರ್ಧ ಪಾಲು ಎಂದು. ಸೇಂಟ್ ಪಾಲ್ ಮತ್ತು ಮಿನಿಯಾಪೊಲಿಸ್ ನಮ್ಮ ಹುಬ್ಬಳ್ಳಿ–ಧಾರವಾಡದಂತೆ ಜೋಡಿ ನಗರಗಳು. 1971ರ ಸುಮಾರಿಗೆ ಡೇವ್ ಆರ್ನೆಸನ್ ಎಂಬ ತರುಣ ಇಲ್ಲಿಯೇ ಗೆಳೆಯರನ್ನು ಕೂಡಿಸಿಕೊಂಡು ‘ಬ್ಲ್ಯಾಕ್‌ಮೂರ್’ ಎಂಬ ಕಲ್ಪಿತ ನಾಡಿನ ಆಟ ನಡೆಸಿದ. ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿನ ಗ್ಯಾರಿ ಗೈಗ್ಯಾಕ್ಸ್ ಆಗಲೇ ಮಧ್ಯಯುಗದ ಯುದ್ಧದಾಟದ ನಿಯಮಗಳನ್ನು ಅಚ್ಚು ಹಾಕಿಸಿದ್ದ. ಇಬ್ಬರೂ ಸೇರಿ 1974ರಲ್ಲಿ ಮೂರು ಸಣ್ಣ ಪುಸ್ತಿಕೆಗಳ ಪೆಟ್ಟಿಗೆಯೊಂದನ್ನು ಹತ್ತು ಡಾಲರಿಗೆ ಮಾರಿದರು. ಮೊದಲು ಮಾಡಿಸಿದ್ದು ಒಂದು ಸಾವಿರ ಪೆಟ್ಟಿಗೆ.

ನನಗೆ ಬೇಕಾಗಿದ್ದದ್ದು ಸಾವಿನ ಇತಿಹಾಸ. ಹಳೆಯ ಯುದ್ಧದಾಟದಲ್ಲಿ ಒಂದು ಸೈನಿಕನ ಗೊಂಬೆಗೆ ಏಟು ಬಿದ್ದರೆ ಮುಗಿಯಿತು, ಎತ್ತಿ ಬದಿಗಿಡಬೇಕು. ಅದು ದಂಡಿನ ಲೆಕ್ಕ; ಒಬ್ಬ ಹೋದರೆ ಇನ್ನೊಬ್ಬ. ಆದರೆ ಒಂದು ಗೊಂಬೆಗೆ ಹೆಸರಿಟ್ಟು, ಊರು ಕೇರಿ ಕಟ್ಟಿ, ವಾರವಾರ ನಾನೇ ಅದಾಗಿ ಮಾತಾಡಿದ ಮೇಲೆ ಒಂದೇಟಿಗೆ ಎತ್ತಿಡಲು ಮನಸ್ಸು ಬರುತ್ತದೆಯೇ? ಆರ್ನೆಸನ್ನನ ಗೆಳೆಯರಿಗೂ ಬರಲಿಲ್ಲ. ಅಮೆರಿಕದ ಅಂತರ್ಯುದ್ಧದ ಕಬ್ಬಿಣದ ಹಡಗುಗಳ ಆಟಕ್ಕೆ ತಾನು ಮಾಡಿಕೊಂಡಿದ್ದ ಲೆಕ್ಕವನ್ನು ಆತ ಇಲ್ಲಿಗೆ ತಂದ. ಹಡಗು ಒಂದೇ ಗುಂಡಿಗೆ ಮುಳುಗುವುದಿಲ್ಲ, ಏಟು ತಿನ್ನುತ್ತಾ ತಿನ್ನುತ್ತಾ ಮುಳುಗುತ್ತದೆ. ಹಾಗೆಯೇ ಪಾತ್ರಕ್ಕೂ ಇಷ್ಟು ‘ಹಿಟ್ ಪಾಯಿಂಟು’. ನಾನು ಅದನ್ನು ಪ್ರಾಣಾಂಕ ಎಂದು ಕರೆದೆ, ಮೊಮ್ಮಗನಿಗೆ ಹಿಡಿಸಲಿಲ್ಲ. ಯುದ್ಧದ ಹಡಗಿನಿಂದ ಮನುಷ್ಯನಿಗೆ ಬಂದ ಈ ಲೆಕ್ಕ ಈಗ ಲೋಕದ ಅರ್ಧ ಆಟಗಳಲ್ಲಿದೆ.

1974ರ ಪುಸ್ತಿಕೆಯಲ್ಲಿ ಪ್ರಾಣಾಂಕ ಸೊನ್ನೆಗಿಳಿದರೆ ಸಾವು. 1979ರಲ್ಲಿ ಗೈಗ್ಯಾಕ್ಸ್ ಬರೆದ ದೊಡ್ಡ ಮಾರ್ಗದರ್ಶಿಯಲ್ಲಿ ಸ್ವಲ್ಪ ದಯೆ ಬಂತು. ಸೊನ್ನೆಗೆ ಬಂದವನು ಎಚ್ಚರ ತಪ್ಪಿ ಬೀಳುತ್ತಾನೆ. ಆಮೇಲೆ ಸುತ್ತಿಗೊಂದರಂತೆ ರಕ್ತ ಸೋರಿ ಅಂಕ ಇಳಿಯುತ್ತದೆ. ಸೊನ್ನೆಗಿಂತ ಹತ್ತು ಕೆಳಗಿಳಿದರೆ ಸಾವು. ಅಷ್ಟರೊಳಗೆ ಯಾರಾದರೂ ಬಂದು ಗಾಯ ಕಟ್ಟಿದರೆ ಬದುಕುತ್ತಾನೆ, ಆದರೆ ವಾರವಿಡೀ ಮಲಗಿರಬೇಕು. ಇದು ನನಗೆ ಬಹಳ ಹಿಡಿಸಿತು. ಸಾವು ಎಂಬ ಗೆರೆಗೆ ಅಗಲ ಬಂತು ನೋಡಿ. ಆ ಅಗಲದಲ್ಲಿ ಇತರರು ಓಡಿ ಬರಲು ಜಾಗವಾಯಿತು.

ನಮ್ಮಲ್ಲಿ ಇಂಥದ್ದು ಇಲ್ಲವೆಂದಲ್ಲ. ಚೌಕಾಬಾರದಲ್ಲಿ ಹೊಡೆಸಿಕೊಂಡ ಕಾಯಿ ಮನೆಗೆ ಹೋಗಿ ಮತ್ತೆ ಹುಟ್ಟಿ ಬರುತ್ತದೆ, ನಡೆದ ದಾರಿಯೆಲ್ಲ ದಂಡ. ಕಬಡ್ಡಿಯಲ್ಲಿ ಇನ್ನೂ ಸೊಗಸು. ಅದರಲ್ಲಿ ಹಳೆಯ ಕಾಲದಿಂದ ಮೂರು ಬಗೆಯಿದೆ. ಎದುರಾಳಿಯೊಬ್ಬ ಔಟಾದಾಗ ನಮ್ಮ ಕಡೆಯ ಒಬ್ಬ ಸತ್ತವನು ಎದ್ದು ಬರುವುದು ಸಂಜೀವನಿ. ಸತ್ತವನು ಸತ್ತ, ತಂಡ ಪೂರ್ತಿ ಮುಗಿಯುವವರೆಗೆ ಹೊರಗೇ ಕೂರಬೇಕು ಎಂಬುದು ಗಾಮಿನಿ. ಔಟಾದರೂ ಅಂಗಳ ಬಿಡದೆ ಆಡುತ್ತಲೇ ಇರುವುದು ಅಮರ. ನಾನು ಇದನ್ನು ಹೇಳಿದಾಗ ಭಾಗವತರು ಪೆನ್ಸಿಲು ತೆಗೆದು ಮೂರು ಹೆಸರನ್ನೂ ಬರೆದುಕೊಂಡರು. ಐವತ್ತು ವರ್ಷದಿಂದ ತಮ್ಮವರು ಜಗಳವಾಡುತ್ತಿರುವುದು ಈ ಮೂರರ ನಡುವೆಯೇ ಎಂದರು.

ಜಗಳ ನಿಜ. ಪೆಟ್ಟಿಗೆಯ ಒಂದೊಂದು ಪುಸ್ತಕದಲ್ಲೂ ಯಮನಿಗೆ ಒಂದೊಂದು ವೇಷ. 1977ರ ‘ಟ್ರಾವೆಲರ್’ ಎಂಬ ಬಾಹ್ಯಾಕಾಶದ ಆಟದಲ್ಲಿ ಪಾತ್ರ ಕಟ್ಟುವ ಹೊತ್ತಿಗೇ, ಅದರ ಹಿಂದಿನ ಸೇನಾ ಜೀವನವನ್ನು ದಾಳದಿಂದ ಬರೆಯುವಾಗಲೇ, ದಾಳ ಕೈಕೊಟ್ಟರೆ ಪಾತ್ರ ಸತ್ತು ಹೋಗುತ್ತದೆ. ಆಟವೇ ಶುರುವಾಗಿಲ್ಲ! ಪ್ರಪೋಸಲ್ ಫಾರಂ ತುಂಬಿ ಕೊಟ್ಟು, ಪಾಲಿಸಿ ಬರುವ ಮುಂಚೆ ತೀರಿಕೊಂಡವರ ಕಡತಗಳು ನನಗೆ ನೆನಪಾದವು. 1984ರ ‘ಪ್ಯಾರನೋಯಾ’ ಎಂಬ ತಮಾಷೆಯ ಆಟದಲ್ಲಿ ಒಬ್ಬೊಬ್ಬನಿಗೂ ಆರು ತದ್ರೂಪಿ ದೇಹಗಳು. ಒಂದು ಹೋದರೆ ಇನ್ನೊಂದು ಬಂದು ನಿಲ್ಲುತ್ತದೆ. 1985ರ ‘ಪೆಂಡ್ರಾಗನ್’ನಲ್ಲಿ ವರ್ಷಗಳು ಉರುಳುತ್ತವೆ, ವೀರ ಮುದುಕನಾಗುತ್ತಾನೆ, ಸತ್ತರೆ ಅವನ ಮಗನನ್ನು ಆಡಬೇಕು. ನನಗೆ ತೀರ ಹಿಡಿಸಿದ್ದು ಅದೇ. ಅದರಲ್ಲಿ ನಾಮಿನಿಯ ಕಾಲಂ ಇದ್ದ ಹಾಗಾಯಿತು. 2015ರಲ್ಲಿ ಬಂದ ‘ಟೆನ್ ಕ್ಯಾಂಡಲ್ಸ್’ ಎಂಬುದರಲ್ಲಂತೂ ಹತ್ತು ಮೊಂಬತ್ತಿ ಹಚ್ಚಿ ಕತ್ತಲಲ್ಲಿ ಕೂರುತ್ತಾರೆ. ಕೊನೆಯ ಬತ್ತಿ ಆರುವ ಹೊತ್ತಿಗೆ ಎಲ್ಲ ಪಾತ್ರಗಳೂ ಸಾಯುತ್ತವೆ ಎನ್ನುವುದು ಮೊದಲೇ ಎಲ್ಲರಿಗೂ ಗೊತ್ತು. ಅದನ್ನು ಮಕ್ಕಳ ಮುಂದೆ ಆಡಬೇಡಿ ಎಂದು ನಾನು ಹೇಳಬೇಕಾಗಿರಲಿಲ್ಲ, ಅವರೇ ಪುಸ್ತಕ ಮುಚ್ಚಿಟ್ಟರು.

ಆಟ ಬಿಟ್ಟು ಹೋದವರ ಪಾತ್ರಗಳ ಗತಿಯೇನು ಎಂದು ಕೇಳಿದೆ. ಒಬ್ಬ ಹುಡುಗನ ಮನೆಯವರು ಬೇರೆ ಊರಿಗೆ ಹೋಗಿದ್ದರು. ಅವನ ಮಂತ್ರವಾದಿ ‘ಯಾತ್ರೆಗೆ ಹೋಗಿದ್ದಾನೆ’ ಎಂದರು. ಏಳು ವರ್ಷ ಸುದ್ದಿಯಿಲ್ಲದಿದ್ದರೆ ನಮ್ಮ ಕಾನೂನಿನಲ್ಲಿ ಸತ್ತನೆಂದೇ ಭಾವಿಸಬಹುದು, ನೋಡಿಕೊಳ್ಳಿ ಎಂದೆ. ಮಕ್ಕಳು ನಕ್ಕರು.

ಈಗ ಮೊಮ್ಮಗನ ಪುಸ್ತಕದ ನಿಯಮಕ್ಕೆ ಬರುತ್ತೇನೆ. ಅದು 2014ರ ಆವೃತ್ತಿ. 2024ರಲ್ಲಿ ಮತ್ತೆ ಪರಿಷ್ಕರಿಸಿದ್ದಾರೆ, ಈ ಲೆಕ್ಕ ಮಾತ್ರ ಹಾಗೆಯೇ ಉಳಿದಿದೆ. ಸೊನ್ನೆಗೆ ಬಂದವನು ಬೀಳುತ್ತಾನೆ. ತನ್ನ ಸರದಿ ಬಂದಾಗಲೆಲ್ಲ ಅವನು ಮಾಡಬಹುದಾದದ್ದು ಒಂದೇ, ಇಪ್ಪತ್ತು ಮುಖದ ದಾಳವೊಂದನ್ನು ಉರುಳಿಸುವುದು. 10 ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಒಂದು ಗೆಲುವು. ಕಡಿಮೆಯಾದರೆ ಒಂದು ಸೋಲು. ಮೂರು ಗೆಲುವಾದರೆ ಜೀವ ನಿಲ್ಲುತ್ತದೆ; ಮೂರು ಸೋಲಾದರೆ ಹೋಯಿತು. 20 ಬಿದ್ದರೆ ಒಂದು ಪ್ರಾಣಾಂಕದೊಂದಿಗೆ ಎದ್ದು ಕೂರುತ್ತಾನೆ. 1 ಬಿದ್ದರೆ ಎರಡು ಸೋಲಿಗೆ ಸಮ. ಅವನ ಶೌರ್ಯ, ತೋಳ್ಬಲ, ಅನುಭವ, ಯಾವುದೂ ಸಾಧಾರಣವಾಗಿ ಆ ದಾಳಕ್ಕೆ ಲೆಕ್ಕವಿಲ್ಲ. ಎಲ್ಲರಿಗೂ ಒಂದೇ ದಾಳ. ಆದರೆ ಈ ನಡುವೆ ಗೆಳೆಯರಲ್ಲಿ ಯಾರಾದರೂ ಪಕ್ಕಕ್ಕೆ ಬಂದು ಔಷಧದ ಚೀಲ ಬಿಚ್ಚಿದರೆ ಸಾಕು, ದಾಳದ ಕೆಲಸ ಮುಗಿಯಿತು, ಜೀವ ಉಳಿಯಿತು.

ನಮ್ಮ ಭಾಗವತರಿಗೆ ತಮ್ಮದೇ ಒಂದು ತಿದ್ದುಪಡಿ ಇತ್ತು. ಅವರ ಮುಂದೆ ರಟ್ಟಿನ ಮರೆಯೊಂದಿರುತ್ತದೆ, ರಾಕ್ಷಸರ ಲೆಕ್ಕ ಮಕ್ಕಳಿಗೆ ಕಾಣದಿರಲೆಂದು. ಸಾವಿನ ದಾಳವನ್ನೂ ಅವರು ಆ ಮರೆಯ ಹಿಂದೆ ತಾವೇ ಉರುಳಿಸುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ ಕೊಟ್ಟ ಕಾರಣ ಒಪ್ಪುವಂಥದ್ದೇ. ಲೆಕ್ಕ ಬಯಲಿನಲ್ಲಿದ್ದರೆ, ‘ಇನ್ನೂ ಎರಡು ಸೋಲು ಬಾಕಿಯಿದೆ, ಆಮೇಲೆ ನೋಡಿದರಾಯಿತು’ ಎಂದು ಮಕ್ಕಳು ಬಿದ್ದವನನ್ನು ಬಿಟ್ಟು ಚಿನ್ನದ ಪೆಟ್ಟಿಗೆಯ ಕಡೆಗೆ ಹೋಗುತ್ತಾರಂತೆ. ಗೊತ್ತಿಲ್ಲದಿದ್ದರೆ ಓಡಿ ಬರುತ್ತಾರೆ. ಇನ್ನೊಂದು ಕಾರಣವನ್ನು ಅವರು ಹೇಳಲಿಲ್ಲ, ನಾನೇ ಊಹಿಸಿದೆ. ಮರೆಯ ಹಿಂದೆ 3 ಬಿದ್ದರೂ 13 ಎನ್ನಬಹುದು. ಗೈಗ್ಯಾಕ್ಸನೇ 1979ರ ಪುಸ್ತಕದಲ್ಲಿ ಇದಕ್ಕೆ ದಾರಿ ಬಿಟ್ಟಿದ್ದಾನೆ. ಆಟಗಾರ ತನ್ನ ಕೈಲಾದದ್ದನ್ನೆಲ್ಲ ಸರಿಯಾಗಿ ಮಾಡಿಯೂ ದಾಳದ ವಕ್ರತನದಿಂದ ಸಾಯುವ ಹಾಗಾದರೆ, ಕೈಯನ್ನೋ ಕಣ್ಣನ್ನೋ ಕಳೆದು ಜೀವ ಉಳಿಸಬಹುದು. ಮೂರ್ಖತನದಿಂದ ಸತ್ತವನಿಗೆ ಮಾತ್ರ ಆ ದಯೆ ಬೇಡ ಎಂಬುದು ಅವನ ಅಭಿಪ್ರಾಯ.

ಮರೆ ಎಂದಾಗ ನನ್ನ ಮನೆಯ ಮಾತೊಂದನ್ನು ಹೇಳಬೇಕು.

2021ರ ಮೇ ತಿಂಗಳಲ್ಲಿ ನಮ್ಮವರು ಹೋದರು. ಆ ದಿನಗಳನ್ನು ನೀವೂ ಕಂಡಿದ್ದೀರಿ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಒಂಬತ್ತು ದಿನ. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಗಾಜಿನ ಬಾಗಿಲಿನ ಈಚೆ ಬೆಂಚಿನ ಮೇಲೆ ನಾನು, ಆಚೆ ಇಪ್ಪತ್ತು ಇಪ್ಪತ್ತೈದು ಅಡಿ ದೂರದಲ್ಲಿ ಅವರು. ಮಗ ಅಮೆರಿಕದಿಂದ ಹೊರಟರೆ ಮರಳಿ ಹೋಗುವುದು ಯಾವಾಗಲೋ ಗೊತ್ತಿರಲಿಲ್ಲ. ನಾನೇ ಬರಬೇಡ ಅಂದೆ. ಮೊಮ್ಮಗನಿಗೆ ಆಗ ಒಂಬತ್ತು ವರ್ಷ. ಅಜ್ಜ ಎಂದರೆ ಪ್ರಾಣ. ಶಾಲೆಯ ವರ್ಷ ಮುಗಿಯುವವರೆಗೆ ಅವನಿಗೆ ಹೇಳುವುದು ಬೇಡ ಎಂದು ಮಗ ಸೊಸೆ ನಿಶ್ಚಯಿಸಿದರು. ನಾನೂ ಹೂಂ ಎಂದೆ. ಶುಕ್ರವಾರ ಅವನು ಫೋನು ಮಾಡಿ, “ಅಜ್ಜಂಗೆ ಕೊಡು” ಅಂದ. ‘ಮಲಗಿದಾರೆ ಪುಟ್ಟ, ಔಷಧಿ ಕೊಟ್ಟಿದಾರೆ’ ಎಂದೆ. ತಾರೀಖು ತಪ್ಪಿದ ಅರ್ಜಿಗಳನ್ನು ಹದಿನೆಂಟು ವರ್ಷ ವಾಪಸು ಕಳಿಸಿದ ನಾನು! ಜುಲೈನಲ್ಲಿ ಶಿವಮೊಗ್ಗದ ಮನೆಗೆ ಒಂದು ಲಕೋಟೆ ಬಂತು. ಒಳಗೆ ಅವನೇ ಬಣ್ಣ ಹಚ್ಚಿದ ಕಾರ್ಡು. ಬೇಗ ಹುಷಾರಾಗು ಅಜ್ಜ ಎಂದು ಇಂಗ್ಲಿಷಿನಲ್ಲಿ, ಕೆಳಗೆ ಸೊಟ್ಟ ಸೊಟ್ಟ ಕನ್ನಡದಲ್ಲಿ ತನ್ನ ಹೆಸರು. ಅಷ್ಟು ಹೊತ್ತಿಗೆ ಅವನಿಗೂ ಹೇಳಿಯಾಗಿತ್ತು. ಆ ಕಾರ್ಡಿನ ವಿಷಯವನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಜನವರಿಯ ಎರಡನೆಯ ಶನಿವಾರ. ಹೊರಗೆ ಸೊನ್ನೆಗಿಂತ ಎಷ್ಟೋ ಡಿಗ್ರಿ ಕೆಳಗೆ. ಒಳಗೆ, ಮಕ್ಕಳು ಒಂದು ಕಣಿವೆಯ ಮೇಲಿನ ಹಗ್ಗದ ಸೇತುವೆ ದಾಟುತ್ತಿದ್ದರು. ಹಿಂದಿನಿಂದ ಟ್ರೋಲ್ ಎಂಬ ರಾಕ್ಷಸ ಬಂತು. ಎಲ್ಲರೂ ದಾಟಲಿ ಎಂದು ಗುಂಡ ಈಚೆಯೇ ನಿಂತ. ಯಾರೂ ಹೇಳಿದ್ದಲ್ಲ, ಅವನೇ. ಅವನ ಜೊತೆಗೆ ಭಾಗವತರ ಮೊಮ್ಮಗಳು ಪಂಜು ಹಿಡಿದು ನಿಂತಳು. ಟ್ರೋಲಿಗೆ ಭಯವಿರುವುದು ಬೆಂಕಿಗೆ. 44 ಇದ್ದ ಗುಂಡನ ಪ್ರಾಣಾಂಕ 20ಕ್ಕೆ ಬಂತು, 9ಕ್ಕೆ ಬಂತು, ಸೊನ್ನೆಯಾಯಿತು. ಗುಂಡ ಬಿದ್ದ.

ವೈದ್ಯನ ಪಾತ್ರದ ಹುಡುಗ ಆಗಲೇ ಸೇತುವೆಯ ಆಚೆ ತುದಿಯಲ್ಲಿದ್ದ. ಅವನ ಮಂತ್ರಗಳೆಲ್ಲ ಬೆಳಗ್ಗೆಯೇ ಖರ್ಚಾಗಿದ್ದವು. ಉಳಿದದ್ದು ಔಷಧದ ಚೀಲ. ಚೌಕುಳಿಯ ಕಾಗದದ ಮೇಲೆ ಎಣಿಸಿದರು. ಗುಂಡನಿಗೂ ಅವನಿಗೂ 110 ಅಡಿ. ಒಂದು ಸರದಿಗೆ 30 ಅಡಿ ನಡೆಯಬಹುದು. ಬೇರೇನೂ ಮಾಡದೆ ಓಡಿದರೆ 60. ಹುಡುಗಿ ಪಂಜು ಬಿಟ್ಟು ಬಗ್ಗಿದ್ದರೆ ಟ್ರೋಲು ಇಬ್ಬರನ್ನೂ ಮುಗಿಸುತ್ತಿತ್ತು.

ಮರೆಯ ಹಿಂದೆ ದಾಳ ಉರುಳಿದ ಸದ್ದಾಯಿತು. ಭಾಗವತರು ಏನೂ ಹೇಳಲಿಲ್ಲ. ವೈದ್ಯ 60 ಅಡಿ ಓಡಿದ. ಮತ್ತೊಮ್ಮೆ ದಾಳದ ಸದ್ದು. ವೈದ್ಯ ಉಳಿದ 50 ಅಡಿ ಓಡಿ ಗುಂಡನ ಪಕ್ಕ ಬಂದು ಮಂಡಿಯೂರಿದ. ಅಲ್ಲಿಗೆ ಅವನ ಸರದಿ ಮುಗಿಯಿತು. ಚೀಲ ಬಿಚ್ಚಲು ಮುಂದಿನ ಸರದಿ ಬರಬೇಕು. ಅದಕ್ಕಿಂತ ಮೊದಲು ಗುಂಡನ ಸರದಿ.

ಭಾಗವತರು ಮೂರನೆಯ ಸಲ ದಾಳ ಕೈಗೆತ್ತಿಕೊಂಡಾಗ ಮೊಮ್ಮಗ ಎದ್ದು ನಿಂತ. “ಅಲ್ಲಿ ಹಾಕಬೇಡಿ. ಇಲ್ಲಿ. ನಾನೇ ಹಾಕ್ತೀನಿ” ಎಂದ, ಇಂಗ್ಲಿಷಿನಲ್ಲಿ.

ಭಾಗವತರು ಒಂದು ಕ್ಷಣ ನನ್ನ ಕಡೆ ನೋಡಿದರು. ನಾನೇನು ಹೇಳಲಿ? ಅವರು ಮರೆಯನ್ನು ಮಡಿಸಿಟ್ಟರು. ತಮ್ಮ ಲೆಕ್ಕದ ಹಾಳೆಯನ್ನು ತಿರುಗಿಸಿ ತೋರಿಸಿದರು: ಮೊದಲನೆಯದು 12, ಗೆಲುವು. ಎರಡನೆಯದು 6, ಸೋಲು. ದಾಳವನ್ನು ಅವನ ಅಂಗೈಯಲ್ಲಿಟ್ಟರು.

ಒಂದೇ ಸೋಲು ತಾನೆ ಆಗಿರುವುದು, ಏನು ಬಿದ್ದರೂ ಇನ್ನೊಂದು ಸುತ್ತು ಉಳಿಯಿತು ಎಂದು ವೈದ್ಯನ ಹುಡುಗ ಉಸಿರು ಬಿಟ್ಟ. ಬಿದ್ದದ್ದು 1.

ಯಾರೂ ಮಾತಾಡಲಿಲ್ಲ. ವೈದ್ಯನ ಹುಡುಗನ ಕಣ್ಣು ತುಂಬಿತು. “ನಾನು ಪಕ್ಕದಲ್ಲೇ ಇದ್ದೆ” ಎಂದು ಎರಡು ಮೂರು ಸಲ ಹೇಳಿದ. ಹತ್ತು ಹನ್ನೆರಡು ವರ್ಷದ ಮಕ್ಕಳ ಆಟ, ಒಂದು ಕಾಗದದ ಪಾತ್ರ, ಇದಕ್ಕೇನು ಇಷ್ಟು ಎಂದು ನಿಮಗನ್ನಿಸಬಹುದು. ಬೆಂಚಿನ ಮೇಲೆ ಕೂತವಳಿಗೆ ಹಾಗನ್ನಿಸಲಿಲ್ಲ. ನಾನು ಎದ್ದು ಹೋಗಿ ಕೋಡುಬಳೆಯ ಡಬ್ಬಿ ತಂದೆ. ಎಲ್ಲರೂ ತಿಂದರು. ಸಾವಿನ ಮನೆಯಲ್ಲಿಯೂ ಹಸಿವಾಗುತ್ತದೆ.

ಬೂಟು ಹಾಕಿಕೊಳ್ಳುತ್ತಾ ಭಾಗವತರು ತಗ್ಗಿದ ದನಿಯಲ್ಲಿ ಹೇಳಿದರು: “ನನ್ನ ಕೈಯಲ್ಲಿದ್ದಿದ್ದರೆ 15 ಅಂದುಬಿಡುತ್ತಿದ್ದೆ. ಅವನಿಗೆ ಅದು ಗೊತ್ತಿತ್ತು.” ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಈ ಆಟದಲ್ಲಿ ಸಾವು ಪೂರ್ಣವಿರಾಮವಲ್ಲ ಎಂದು ಮೊದಲೇ ಹೇಳಿದೆನಲ್ಲ. ವೈದ್ಯನ ಹುಡುಗ ಅಂದು ರಾತ್ರಿಯೇ ಫೋನು ಮಾಡಿದ. ಸತ್ತವನನ್ನು ಎಬ್ಬಿಸುವ ಮಂತ್ರವೊಂದಿದೆ. 500 ಹೊನ್ನು ಬೆಲೆಯ ವಜ್ರ ಬೇಕು. ಅದು ಮಂತ್ರದಲ್ಲಿ ಕರಗಿ ಹೋಗುತ್ತದೆ. ತಾನು ಇನ್ನೂ ಆ ಮಂತ್ರದ ಮಟ್ಟಕ್ಕೆ ಬಂದಿಲ್ಲ, ಆದರೆ ಪಟ್ಟಣದ ಗುಡಿಯ ಪೂಜಾರಿಗೆ ಬರುತ್ತದೆ. ಎಲ್ಲರೂ ವಂತಿಗೆ ಹಾಕುತ್ತೇವೆ. ಒಂದೇ ಷರತ್ತು, ಸತ್ತು ಹತ್ತು ದಿನ ಮೀರಿರಬಾರದು.

ಹತ್ತು ದಿನ ಎಂದಾಗ ನಾನು ಬೆಚ್ಚಿದೆ. ನಮ್ಮಲ್ಲೂ ಹತ್ತು ದಿನವೇ ಅಲ್ಲವೆ? ಹತ್ತನೆಯ ದಿನ ಪಿಂಡ ಇಟ್ಟು ಕಾಗೆಗೆ ಕಾಯುತ್ತೇವೆ; ಅಲ್ಲಿಯವರೆಗೆ ಹೋದವರು ಇಲ್ಲೇ ಎಲ್ಲೋ ಇರುತ್ತಾರೆಂಬ ಭಾವನೆ. ಹಳೆಯ ಆವೃತ್ತಿಗಳಲ್ಲಿ ಈ ಗಡುವು ಪೂಜಾರಿಯ ಮಟ್ಟಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತಿತ್ತಂತೆ. ಇದರಲ್ಲಿ ಮಾತ್ರ ನೇರವಾಗಿ ಹತ್ತು. ಅವರಿಗೆ ನಮ್ಮ ಲೆಕ್ಕದ ಅರಿವಿರಲಾರದು. ಕಾಕತಾಳೀಯ ಎಂಬ ಮಾತು ಇಂಥದ್ದಕ್ಕೇ ಹುಟ್ಟಿರಬೇಕು.

ಕೆಂಪು ಪೆನ್ಸಿಲಿನ ಅಭ್ಯಾಸ ಬಿಡಲಿಲ್ಲ, ಆ ಮಂತ್ರದ ಷರತ್ತುಗಳನ್ನು ಪೂರ್ತಿ ಓದಿದೆ. ಸಣ್ಣ ಅಕ್ಷರದಲ್ಲಲ್ಲ, ದೊಡ್ಡದಾಗಿಯೇ ಬರೆದಿದ್ದರು: ಆತ್ಮಕ್ಕೆ ಮರಳುವ ಇಷ್ಟವಿದ್ದರೆ ಮಾತ್ರ. ಬಂದವನಿಗೆ ಮೊದಲು ಇರುವುದು ಒಂದೇ ಪ್ರಾಣಾಂಕ. ಕಳೆದುಕೊಂಡ ಅಂಗ ಮರಳಿ ಬರುವುದಿಲ್ಲ. ಎಲ್ಲ ಕೆಲಸದಲ್ಲೂ ನಾಲ್ಕು ಅಂಕ ಕಡಿತ, ದಿನದಿನದ ವಿಶ್ರಾಂತಿಗೆ ಒಂದೊಂದೇ ಅಂಕ ಸುಧಾರಿಸುತ್ತದೆ. 1978ರ ನಿಯಮ ಇನ್ನೂ ಬಿಗಿ. ಒಬ್ಬನನ್ನು ಎಷ್ಟು ಸಲ ಎಬ್ಬಿಸಬಹುದು ಎಂಬುದಕ್ಕೇ ಮಿತಿ, ಎದ್ದಾಗಲೆಲ್ಲ ದೇಹದಾರ್ಢ್ಯದಲ್ಲಿ ಒಂದಂಕ ಖೋತಾ. ಎಲ್ಫ್ ಜಾತಿಯವರಿಗಂತೂ ಈ ಮಂತ್ರ ತಗಲುವುದೇ ಇಲ್ಲ. ಉಳಿದವರ ಇಷ್ಟ ಎಷ್ಟೇ ಇರಲಿ, ವಂತಿಗೆ ಎಷ್ಟೇ ಕೂಡಲಿ, ಹೋದವನು ಹೂಂ ಅನ್ನಬೇಕು. ನಮ್ಮ ಕಚೇರಿಯ ಯಾವ ಫಾರಮ್ಮಿನಲ್ಲೂ ಸತ್ತವರ ಸಹಿಗೆ ಜಾಗವಿರಲಿಲ್ಲ.

ಹಾಗಾಗಿ ಪ್ರಶ್ನೆ ಮೊಮ್ಮಗನ ಮುಂದೆ ಬಂತು. ಗುಂಡನಿಗೆ ಬರಲು ಇಷ್ಟವಿದೆಯೋ ಇಲ್ಲವೋ? ಭಾಗವತರು ಒಂದು ವಾರ ಗಡುವು ಕೊಟ್ಟರು.

ಬುಧವಾರ ರಾತ್ರಿ ಅವನು ಗುಂಡನ ಕಾಗದ ಹಿಡಿದುಕೊಂಡು ನನ್ನ ಕೋಣೆಗೆ ಬಂದ. ಅಳಿಸಿ ಅಳಿಸಿ ಬರೆದು ಪ್ರಾಣಾಂಕದ ಚೌಕದಲ್ಲಿ ಕಾಗದ ತೆಳ್ಳಗಾಗಿತ್ತು. ಹಾಸಿಗೆಯ ಅಂಚಿಗೆ ಕೂತು ಕೇಳಿದ, “ಅಜ್ಜಿ, ಅಜ್ಜನ್ನ ಯಾರಾದ್ರೂ ಹೀಗೆ ಕೇಳಿದ್ದಿದ್ರೆ ಬರ್ತಿದ್ರಾ?”

“ಮಂಡಿನೋವು ಹಾಗೇ ಇರುತ್ತಾ ಅಂತ ಮೊದಲು ವಿಚಾರಿಸ್ತಿದ್ರು” ಎಂದೆ. ಅವನು ನಕ್ಕ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಗದ ನೋಡುತ್ತಲೇ, “ನಾನು ಫೋನ್ ಮಾಡಿದ ದಿನ ಅಜ್ಜ ನಿಜವಾಗ್ಲೂ ಮಲಗಿದ್ರಾ?” ಎಂದ.

“ಇಲ್ಲ ಪುಟ್ಟ. ನೀನು ಮಾಡಿದ್ದು ಶುಕ್ರವಾರ. ಅಜ್ಜ ಹೋಗಿದ್ದು ಮಂಗಳವಾರ. ಮೇ 11. ಬೆಳಗಿನ ಜಾವ ನಾಲ್ಕೂವರೆಗೆ.”

“ನೀನಿದ್ಯಾ ಅಲ್ಲಿ?”

“ಬಾಗಿಲ ಹೊರಗಿದ್ದೆ. ಒಳಗೆ ಬಿಡ್ತಿರಲಿಲ್ಲ.”

“ಎಷ್ಟು ದೂರ?”

ಬೇರೆ ಯಾರೂ ಕೇಳದ ಪ್ರಶ್ನೆ. ಇಪ್ಪತ್ತೈದು ಅಡಿ ಇರಬಹುದು ಎಂದೆ. ಅವನು ತಲೆಯಾಡಿಸಿದ, ಲೆಕ್ಕ ಗೊತ್ತಿರುವವರು ಆಡಿಸುವ ಹಾಗೆ. ಪೆನ್ಸಿಲು ನನ್ನ ಕೈಗೆ ಕೊಟ್ಟು, “ಇದರ ಮೇಲೆ ತಾರೀಖು ಬರಿ ಅಜ್ಜಿ, ನಿಂಗೆ ಬರುತ್ತಲ್ಲ” ಎಂದ. ಗುಂಡನ ಕಾಗದದ ಎಡ ಅಂಚಿನಲ್ಲಿ ಬರೆದೆ: ಮರಣ, ಶನಿವಾರ, 13–1–2024, ಸೇತುವೆಯ ಈಚೆ. ಕಾರಣದ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದೆ. ‘ಟ್ರೋಲ್’ ಎಂದ. ಕೆಳಗೆ ಸಹಿ ಹಾಕಿದೆ.

ಶನಿವಾರ ಅವನು ಗೆಳೆಯರಿಗೆ ಹೇಳಿದ, ಗುಂಡ ಬರುವುದಿಲ್ಲವಂತೆ, ವಜ್ರದ ದುಡ್ಡು ಉಳಿಸಿಕೊಳ್ಳಿ ಎಂದು. ವೈದ್ಯನ ಹುಡುಗ ಸ್ವಲ್ಪ ಜಗಳವಾಡಿದ, ಆಮೇಲೆ ಒಪ್ಪಿದ. ಗುಂಡನ ಕೊಡಲಿಯನ್ನು ಪಂಜಿನ ಹುಡುಗಿ ತೆಗೆದುಕೊಂಡಳು. ಮೊಮ್ಮಗ ಹೊಸ ಪಾತ್ರವೊಂದನ್ನು ಕಟ್ಟುತ್ತಿದ್ದ, ಕೊಳಲು ನುಡಿಸುವ ಹಾಡುಗಾರ. ಭಾಗವತರು ರಟ್ಟಿನ ಮರೆಯನ್ನು ತಂದೇ ಇರಲಿಲ್ಲ.

ಯಾತ್ರೆಗೆ ಹೋದ ಮಂತ್ರವಾದಿಯ ಕುರ್ಚಿ ಖಾಲಿಯಿತ್ತು. ನೀವೂ ಒಂದು ಪಾತ್ರ ಮಾಡಿಕೊಳ್ಳಿ ಎಂದರು. ನಾನು ಬೇಡ ಬೇಡ ಎನ್ನುತ್ತಲೇ ಕೂತೆ. ಯೋಧಳಾಗುವಿರಾ, ಮಂತ್ರ ಕಲಿಯುವಿರಾ ಎಂದು ಮಕ್ಕಳು ಮುತ್ತಿಕೊಂಡರು. ಔಷಧದ ಚೀಲ ಯಾರ ಬಳಿ ಬೇಕಾದರೂ ಇರಬಹುದೇ ಎಂದು ಕೇಳಿದೆ. ಇರಬಹುದು, ಐದು ಹೊನ್ನು, ಹತ್ತು ಸಲ ಬಳಸಬಹುದು ಎಂದರು. ಅದನ್ನು ಬರೆದುಕೊಂಡೆ. ಆಮೇಲೆ, ನನ್ನಂಥ ಮುದುಕಿ ಒಂದು ಸರದಿಗೆ ಎಷ್ಟು ಅಡಿ ಓಡಬಹುದು ಎಂದು ಕೇಳಿದೆ.

“ಎಲ್ಲರ ಹಾಗೇ ಅಜ್ಜಿ. ಅರವತ್ತು” ಎಂದ ಮೊಮ್ಮಗ.